ದೋಸೆಯ ಟೋಕನ್ನೂ ಹಲ್ಲಿನ ಡಾಕ್ಟರೂ

ಮಾವನ ಮುಂದೆ ಜಾಣನೆನಿಸಿಕೊಳ್ಳುವ ಆಸೆಯಿಲ್ಲದ ಅಳಿಯ ಎಲ್ಲಾದರೂ ಇದ್ದರೆ ಅವನ ಕಾಲಿಗೆ ಬೀಳಬೇಕು. ನನಗಂತೂ ಆ ಆಸೆ ವಿಪರೀತ. ಕನಕಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಮಾವನ ಹೋಟೆಲು. ಅದರ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದವರು ಹಲ್ಲಿನ ಡಾಕ್ಟರು. ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನನ್ನನ್ನು ಮಾವ ನೆಂಟರಿಗೆಲ್ಲ ‘ಟೈಪಿಂಗ್ ಕಲಿಸ್ತಾರೆ’ ಎಂದೇ ಪರಿಚಯಿಸುತ್ತಿದ್ದರು. ಇದನ್ನು ಅಳಿಸಲೇಬೇಕೆಂದು ಹಟ ತೊಟ್ಟು, ಒಂದೇ ಕಂಪ್ಯೂಟರಿನಲ್ಲಿ ಮಾವನಿಗೂ ಡಾಕ್ಟರಿಗೂ, ಸರದಿ ಬಂದವರ ನಂಬರು ಹೊಳೆಯುವ ಟೋಕನ್ ಬೋರ್ಡು ಮಾಡಿಕೊಡಲು ಹೊರಟೆ. ಮಾಗಡಿಯ ಗೆಳೆಯ ಬರೆದುಕೊಟ್ಟಿದ್ದ ಪ್ರೋಗ್ರಾಮನ್ನೇ ಎರಡು ಸಲ ಹಾಕಿ, ಕೆಳಗೊಂದು ಮೇಲೊಂದು ಬೋರ್ಡು ತೂಗುಹಾಕಿದೆ.

ಮೊದಲ ದಿನವೇ ಎಡವಟ್ಟು. ಕಾವಲಿಯಿಂದ ಇಳಿದ ದೋಸೆಯ ನಂಬರು ಡಾಕ್ಟರ ಬೋರ್ಡಿನಲ್ಲಿ ಹೊಳೆಯಿತು. ಉಯ್ಯಂಬಳ್ಳಿಯಿಂದ ಕೆನ್ನೆ ಊದಿಸಿಕೊಂಡು ಬಂದಿದ್ದ ಅಜ್ಜನ ನಂಬರು ಹೋಟೆಲಿನಲ್ಲಿ ಹೊಳೆದು, ಅದೇ ನಂಬರಿನ ಟೋಕನ್ ಹಿಡಿದಿದ್ದ ಬಸ್ ಕಂಡಕ್ಟರು ಇನ್ನೂ ಹುಯ್ಯದ ದೋಸೆಗಾಗಿ ಜಗಳಕ್ಕೆ ನಿಂತರು.

“ಅಳಿಯಂದ್ರೇ, ನನ್ ದೋಸೆನ ಹಲ್ ಡಾಕ್ಟ್ರ ತಾವ್ಕೆ ಕಳಿಸ್ಬುಟ್ರಲ್ಲ! ಭಾನ್ವಾರದೊಳ್ಗೆ ಸರಿಹೋಗ್ನಿಲ್ಲ ಅಂದ್ರೆ ಕಿತ್ತಾಕ್ಬುಡಿ. ಹಳೇ ತರ ಕೂಗ್ಕತೀವಿ” ಎಂದರು ಮಾವ.

ಬೋರ್ಡು ಕಿತ್ತರೆ ನನ್ನ ಮಾನವೂ ಅದರ ಜೊತೆಗೇ ಇಳಿಯುತ್ತಿತ್ತು. ವಿಷಯ ಇಷ್ಟೇ: ಒಂದೇ ಯಂತ್ರದೊಳಗಿನ ಪ್ರೋಗ್ರಾಮುಗಳು ಪರಸ್ಪರ ಸುದ್ದಿ ಮುಟ್ಟಿಸಲು ನಂಬರು ಹಾಕಿದ ಗೂಡುಗಳಿರುತ್ತವೆ. ನನ್ನ ಎರಡು ಪ್ರೋಗ್ರಾಮೂ ಒಂದೇ ಆದ್ದರಿಂದ ಗೂಡಿನ ನಂಬರೂ ಒಂದೇ. ಅಡುಗೆಮನೆಯೂ ಡಾಕ್ಟರೂ ಅದರಲ್ಲೇ ಚೀಟಿ ಇಡುತ್ತಿದ್ದರು. ಯಾವ ಬೋರ್ಡು ಮೊದಲು ಕೈಹಾಕಿತೋ ಚೀಟಿ ಅದರ ಪಾಲು. ನಂಬರು ಬದಲಿಸೋಣವೆಂದರೆ ಪ್ರೋಗ್ರಾಮಿನ ಮೂಲಪ್ರತಿಯೇ ಬೇಕು; ಬರೆದ ಗೆಳೆಯನ ಡಿಸ್ಕೇ ಕೆಟ್ಟು ಅದು ಹೋಗಿಬಿಟ್ಟಿತ್ತು.

ಕೊನೆಗೆ ಅವನೇ ಫೋನಿನಲ್ಲಿ ದಾರಿ ತೋರಿಸಿದ. “ಲೇ, ಕಂಪ್ಯೂಟ್ರು ಓಡ್ಸೋ ಲಿನಕ್ಸ್ ಐತಲ್ಲ, ಅದ್ರಲ್ಲಿ ಹೊಸಾದು ಹಾಕ್ಕಳ್ಲಾ. ಅದ್ರೊಳ್ಗೇ ಗೋಡೆ ಎಬ್ಬುಸ್ಬೋದು. ಇಬ್ರುಗೂ ಅದೇ ನಂಬರ್ ಗೂಡು, ಆದ್ರೆ ಮನೆ ಬ್ಯಾರೆಬ್ಯಾರೆ. ಒಬ್ರುದು ಇನ್ನೊಬ್ರಿಗೆ ಕಾಣಕಿಲ್ಲ.”

ಶನಿವಾರ ಗೋಡೆ ಎದ್ದಿತು. ದೋಸೆ ಕೆಳಗೆ, ಹಲ್ಲು ಮೇಲೆ! ಮಾವ ಅದೇ ಕಂಡಕ್ಟರಿಗೆ “ನಮ್ ಅಳಿಯಂದ್ರು, ಕಂಪ್ಯೂಟರ್ ಇಂಜಿನೀರು” ಎಂದದ್ದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೆಲವು ದಿನ ಕಳೆದ ಮೇಲೆ ಮಾವ ತಲೆ ಕೆರೆದುಕೊಳ್ಳುತ್ತಾ ಬಂದರು. “ಗೋಡೆ ಭದ್ರವಾಗೈತೆ ಅಳಿಯಂದ್ರೇ. ಆದ್ರೆ ಮೊದ್ಲು ಹಲ್‌ನೋವ್ನೋರು ನಂಬರ್ ಹುಡೀಕಂಡು ಕೆಳೀಕ್ ಬಂದು, ಮೆತ್ತುಗೈತೆ ಅಂತ ಇಡ್ಲಿ ತಿನ್ಕಂಡೋಗೋರು. ಈಗ ಒಬ್ರೂ ಇಳೀತಿಲ್ಲ. ಆ ಗೋಡೇಲಿ ಒಸಿ ಕಿಟ್ಕಿ ಬುಡೋಕಾಯ್ತದಾ?”

“ಆಗುತ್ತೆ ಮಾವ” ಎಂದುಬಿಟ್ಟೆ. ಹೇಗೆಂದು ದೇವರಾಣೆ ಗೊತ್ತಿರಲಿಲ್ಲ. ಟೈಪಿಂಗ್ ಕಲಿಸುವವನಾಗಿದ್ದಾಗ ‘ಗೊತ್ತಿಲ್ಲ’ ಎನ್ನುವ ಸೌಕರ್ಯವಾದರೂ ಇತ್ತು.