ಎರಡು ಎಲೆ, ಒಂದು ಅಡಿಕೆ

ಚಂದ್ರಯ್ಯನ ಮದುವೆಗೆ ಕಲ್ಲು ಬಿದ್ದದ್ದು ಎರಡು ವೀಳ್ಯದೆಲೆ ಮತ್ತು ಒಂದು ಅಡಿಕೆಯಿಂದ.

ಚನ್ನರಾಯಪಟ್ಟಣದಲ್ಲಿ ಆಗ ಫೋಟೋ ತೆಗೆಯುತ್ತಿದ್ದವರು ಪರಮಶಿವಯ್ಯ ಒಬ್ಬರೇ. ಅಂಗಡಿಯಿಲ್ಲ, ಬೋರ್ಡಿಲ್ಲ, ಮನೆಯ ಹಿತ್ತಲೇ ಸ್ಟುಡಿಯೋ. ಯುದ್ಧದ ಕಾಲ ಬೇರೆ. ಫೋಟೋಗೊಂದರಂತೆ ಬೇಕಾದ ಗಾಜಿನ ಪ್ಲೇಟು ವಾರಕ್ಕೆ ಎರಡು ಸಿಕ್ಕರೆ ಪುಣ್ಯ. ಸಾಲದ್ದಕ್ಕೆ, ಹಿತ್ತಲಿನ ನುಗ್ಗೆಮರದ ನೆರಳು ಸರಿದು ಹದವಾದ ಬಿಸಿಲು ಬೀಳುತ್ತಿದ್ದುದು ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಮಾತ್ರ. ದಿನ ಗೊತ್ತು ಮಾಡಿಕೊಂಡವರು ಬಾರದೆ, ಹಿತ್ತಲು ಗುಡಿಸಿ ಪರದೆ ಕಟ್ಟಿದ್ದೆಲ್ಲ ದಂಡವಾಗಿ, ಪರಮಶಿವಯ್ಯನವರ ಹೆಂಡತಿ ನೀಲಾಂಬಿಕೆ ಒಂದು ಕಾನೂನು ಮಾಡಿದ್ದರು. ಹಿಂದಿನ ಸಂಜೆ ದೀಪ ಹಚ್ಚುವುದರೊಳಗೆ ಎರಡು ಎಲೆ, ಒಂದು ಅಡಿಕೆ ಕಳಿಸಬೇಕು. ಆಕೆ ಅದನ್ನು ತೆಗೆದುಕೊಂಡು ಗೂಡಿನಲ್ಲಿಟ್ಟರೆ ಸರದಿ ಖಾತ್ರಿ. ಇಲ್ಲವಾದರೆ ಅಮಲ್ದಾರರೇ ಬಂದರೂ ಬಾಗಿಲಿಂದಾಚೆ.

ತಾಲ್ಲೂಕು ಕಚೇರಿಯ ಗುಮಾಸ್ತ ಚಂದ್ರಯ್ಯನಿಗೆ ಫೋಟೋ ತೆಗೆಸಲು ಬುಧವಾರ ನಿಗದಿಯಾಗಿತ್ತು. ಶಾಂತಿಗ್ರಾಮದ ಶಾಂತಕುಮಾರಿ ಎಂಬ ಹುಡುಗಿಯ ತಂದೆ, "ಸೋಮವಾರದೊಳಗೆ ಫೋಟೋ ಕಳಿಸಿ, ಅವತ್ತೇ ತೀರ್ಮಾನ" ಎಂದು ಬರೆದಿದ್ದರು. ಚಂದ್ರಯ್ಯನಿಗೆ ಮೂವತ್ತು ದಾಟಿತ್ತು. ಈ ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಗತಿಯೇನು ಎಂದು ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಬಟ್ಟೆಗೆ ಕಂಟ್ರೋಲ್ ಇದ್ದ ಆ ಕಾಲದಲ್ಲೂ ಹೇಗೋ ಒಂದು ಕೋಟು ಹೊಲಿಸಿದ್ದ. ಹೊಲಿದವನು ಎಡಚ. ಎದೆಯ ಜೇಬನ್ನು ಬಲಗಡೆಗೆ ಇಟ್ಟುಬಿಟ್ಟಿದ್ದ. ಬಿಚ್ಚಿ ಹೊಲಿಸಲು ವ್ಯವಧಾನವಿರಲಿಲ್ಲ.

ಮಂಗಳವಾರ ಸಂಜೆ ಎಲೆ ಅಡಿಕೆ ಹಿಡಿದು ಹೊರಟವನನ್ನು ಪಕ್ಕದ ಮನೆಯ ನಂಜಯ್ಯ ಮೇಷ್ಟ್ರು ತಡೆದರು. ಪೆನ್ಷನ್ ಆದ ಮೇಲೆ ಇಡೀ ಬೀದಿಯ ಕೆಲಸವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡವರು ಅವರು.

"ನೀನ್ಯಾಕಯ್ಯ ಓಗ್ತೀಯ? ನಾನು ಆ ಕಡೀಕೇ ಹೊಂಟಿವ್ನಿ. ಕೊಡಿಲ್ಲಿ! ನೀನು ಓಗಿ ಮೀಸೆ ಸರಿ ಮಾಡ್ಕೊ!"

ಚಂದ್ರಯ್ಯ ಕೊಟ್ಟ.

ಮರುದಿನ ಒಂಬತ್ತಕ್ಕೆ ಸರಿಯಾಗಿ ವಿಭೂತಿ, ಪೇಟ, ಹೊಸ ಕೋಟು ಧರಿಸಿ ಪರಮಶಿವಯ್ಯನವರ ಬಾಗಿಲಲ್ಲಿ ನಿಂತರೆ, ನೀಲಾಂಬಿಕೆ ಹೊಸಿಲಿಗೆ ಅಡ್ಡ ಬಂದರು.

"ಎಲೆ ಅಡ್ಕೆ ಬರ್ಲಿಲ್ವಲ್ಲಪ್ಪ!"

"ಕಳಿಸಿದ್ನಲ್ಲ ಅಮ್ಮಾ! ನಂಜಯ್ಯ ಮೇಷ್ಟ್ರ ಕೈಲಿ!"

"ಯಾವ ಮೇಷ್ಟ್ರೂ ಬರ್ಲಿಲ್ಲ, ಯಾವ ಎಲೇನೂ ಬರ್ಲಿಲ್ಲ. ದೀಪ ಹಚ್ಚೋ ಹೊತ್ಗೆ ಬಾಗೂರೋರು ಒಬ್ರು ಕಳಿಸಿದ್ರು. ಎಲ್ಡು ಪ್ಲೇಟೂ ಅವರಿಗೇಯ."

"ಎರಡೂನಾ!"

"ಒಂದ್ರಲ್ಲಿ ಕಣ್ಣು ಮುಚ್ಬುಟ್ರೆ ಇನ್ನೊಂದಿರ್ಲಿ ಅಂದವ್ರೆ."

ಚಂದ್ರಯ್ಯ ಪೇಟವನ್ನು ಕೈಯಲ್ಲಿ ಹಿಡಿದು ಬೀದಿಯುದ್ದಕ್ಕೂ ಓಡಿದ. ನಂಜಯ್ಯ ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಇವನು ಕಂಡದ್ದೇ ತಡ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈ ತಾನಾಗಿ ಬಾಯಿಗೆ ಹೋಯಿತು. ತುಟಿ ಇನ್ನೂ ಕೆಂಪಗಿತ್ತು.

"ತಿಂದ್ಬುಟ್ರಾ ಮೇಷ್ಟ್ರೇ!"

"ಎಲೆ ಚಿಗುರಾಗಿತ್ತು ಕಣಯ್ಯ! ದಾರೀಲಿ ಯಾರೋ ಸಿಕ್ಕಿದ್ರು, ಮಾತಾಡ್ತಾ ನಿಂತೆ, ಸುಣ್ಣದ ಡಬ್ಬಿ ಕೈಗೆ ಬಂತು... ಆಮ್ಯಾಕೆ ನೋಡ್ತೀನಿ, ಬರೀ ತೊಟ್ಟು! ಬಾ, ಆಯಮ್ಮಂಗೆ ನಾನ್ ಹೇಳ್ತೀನಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಇಬ್ಬರೂ ಏದುಸಿರು ಬಿಡುತ್ತ ಮತ್ತೆ ಓಡಿದರು. ಗಂಟೆ ಒಂಬತ್ತೂವರೆ!

"ನೀಲಾಂಬಿಕಮ್ಮ, ಎಲೆ ನನ್ ಹೊಟ್ಟೇಲಿ ಐತೆ. ತಲುಪಿದ ಲೆಕ್ಕ ಅಂತ ಇಟ್ಕೊಳಿ!" ಎಂದರು ಮೇಷ್ಟ್ರು.

"ನಿಮ್ಮೊಟ್ಟೆ ನಮ್ಮನೆ ಗೂಡಲ್ಲ ಮೇಷ್ಟ್ರೇ," ಎಂದರು ಆಕೆ.

ಆದರೆ ಹಿತ್ತಲಿನಲ್ಲಿ ಇನ್ನೂ ಫೋಟೋ ಶುರುವಾಗಿರಲಿಲ್ಲ. ಬಾಗೂರಿನ ಆಸಾಮಿ, ಗೌರೀಶಂಕರ ಎಂಬ ಯುವಕ, ಮೋರೆ ಸಣ್ಣದು ಮಾಡಿಕೊಂಡು ನಿಂತಿದ್ದ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಅವನ ಬಸ್ಸು ಏರಿನಲ್ಲಿ ನಿಂತುಹೋಗಿ, ಎಲ್ಲರೂ ಇಳಿದು ತಳ್ಳಿ, ಅವನ ಬಿಳಿಯ ಕೋಟು ಮಸಿಯರಿವೆಯಂತಾಗಿತ್ತು.

"ಎಣ್ಣಿನ ಕಡೆಯೋರು ಫೋಟೋ ಕೇಳವ್ರೆ ಸಾ. ಈ ಅವತಾರದಾಗೆ ಎಂಗೆ ಕಳಿಸ್ಲಿ?" ಎಂದು ಅವನು ಅಳುವುದೊಂದು ಬಾಕಿ.

"ನಂದೂ ಅದೇ ಕತೆ ಕಣಪ್ಪ!" ಎಂದ ಚಂದ್ರಯ್ಯ. ಅವನ ತಲೆಯಲ್ಲಿ ಮಿಂಚು ಹೊಳೆಯಿತು. "ನನ್ ಕೋಟು ಹಾಕ್ಕೊ. ನಿನ್ನ ಎರಡನೇ ಪ್ಲೇಟು ನಂಗೆ ಬಿಟ್ಬಿಡು!"

ಗೌರೀಶಂಕರ ಅವನ ಎರಡೂ ಕೈ ಹಿಡಿದುಕೊಂಡ. ನೀಲಾಂಬಿಕೆ ಒಂದು ಗಳಿಗೆ ಯೋಚಿಸಿ, ಸರದಿಯವರೇ ಒಪ್ಪಿದ ಮೇಲೆ ತಮ್ಮ ಅಡ್ಡಿಯಿಲ್ಲ ಎಂದರು. ಮೊದಲು ಗೌರೀಶಂಕರ ಕೋಟು ತೊಟ್ಟು ಕುರ್ಚಿಯಲ್ಲಿ ಕೂತ. ಆಮೇಲೆ ಅದೇ ಬೆಚ್ಚಗಿನ ಕೋಟನ್ನು ಚಂದ್ರಯ್ಯ ತೊಟ್ಟು, ನುಗ್ಗೆಮರದ ನೆರಳು ಕಾಲಿಗೆ ಬರುವಷ್ಟರಲ್ಲಿ ಉಸಿರು ಬಿಗಿಹಿಡಿದು ಕೂತ. ಗೆದ್ದೆ ಎಂದುಕೊಂಡ! ಆ ಖುಷಿಯಲ್ಲಿ ಮೇಷ್ಟ್ರನ್ನೂ ಕ್ಷಮಿಸಿಬಿಟ್ಟ.

ಸರದಿಯ ಪ್ರಕಾರ ಗೌರೀಶಂಕರನ ಫೋಟೋ ಶುಕ್ರವಾರ ಸಿದ್ಧವಾಯಿತು, ಚಂದ್ರಯ್ಯನದು ಶನಿವಾರ. ಅದು ಟಪಾಲಿನಲ್ಲಿ ಸೋಮವಾರ ಬೆಳಗ್ಗೆಯೇ ಶಾಂತಿಗ್ರಾಮ ತಲುಪಿತು. ಬುಧವಾರ ಹುಡುಗಿಯ ತಂದೆಯಿಂದ ಕಾರ್ಡು ಬಂತು.

'ತಮ್ಮ ಫೋಟೋ ತಲುಪಿತು. ಆದರೆ ಈ ಕೋಟನ್ನು ಮೊನ್ನೆಯೇ ಬಂದ ಇನ್ನೊಬ್ಬ ವರನ ಮೈಮೇಲೆ ನೋಡಿದ್ದೇವೆ. ಬಲಗಡೆ ಜೇಬಿನ ಕೋಟು ಲೋಕದಲ್ಲಿ ಎರಡಿರಲಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದನ್ನು ಹೇಗೋ ಸಹಿಸಬಹುದು. ಎರವಲು ಹೂವು ಮುಡಿಯುವವರಿಗೆ ನಾವು ಹೆಣ್ಣು ಕೊಡುವುದಿಲ್ಲ.'

ಚಂದ್ರಯ್ಯ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಹಸಿವು ಗೆದ್ದಿತು.

ಇದಾಗಿ ಮೂರು ವಾರಕ್ಕೆ, ಒಂದು ಭಾನುವಾರ ಬೆಳಗ್ಗೆ, ನಂಜಯ್ಯ ಮೇಷ್ಟ್ರು ಒಂದು ಕಾಗದ ಹಿಡಿದು ಬಂದರು. ಯಾರೋ ಆಳು ಬಂದಾಗ ಚಂದ್ರಯ್ಯ ಸ್ನಾನಕ್ಕೆ ಕೂತಿದ್ದನಾದ್ದರಿಂದ ಅವನ ಪರವಾಗಿ ಇವರೇ ಇಸಿದುಕೊಂಡಿದ್ದರು. ಅಪರೂಪಕ್ಕೆ ಅವರು ಬಾಯಿ ಬಿಡಲಿಲ್ಲ. ಕಾಗದವನ್ನು ಸುಮ್ಮನೆ ಚಾಚಿದರು.

'ಮಹನೀಯರಾದ ಚಂದ್ರಯ್ಯನವರಿಗೆ ಬಾಗೂರಿನ ಗೌರೀಶಂಕರ ಮಾಡುವ ಶರಣಾರ್ಥಿ. ನಿಮ್ಮ ಉಪಕಾರದಿಂದ ಮುಂದಿನ ಸೋಮವಾರ ಶಾಂತಿಗ್ರಾಮದಲ್ಲಿ ನನ್ನ ಮದುವೆ. ಮಾವನವರಿಗೆ ಫೋಟೋದಲ್ಲಿದ್ದ ಕೋಟು ಬಹಳ ಹಿಡಿಸಿದೆ. ಧಾರೆಗೆ ಅದನ್ನೇ ತೊಟ್ಟು ಬರಬೇಕಂತೆ. ನಿಮ್ಮೂರಿನ ಪದ್ಧತಿಯಂತೆ ಎರಡು ಎಲೆ, ಒಂದು ಅಡಿಕೆ ಕಳಿಸಿದ್ದೇನೆ. ಒಪ್ಪಿಗೆಯಿಲ್ಲದಿದ್ದರೆ ಹಿಂದಕ್ಕೆ ಕಳಿಸಿ. ಇಟ್ಟುಕೊಂಡರೆ ಕೋಟು ಖಾತ್ರಿ ಎಂದು ತಿಳಿಯುತ್ತೇನೆ.'

ಚಂದ್ರಯ್ಯನ ಮೈಯೆಲ್ಲ ಉರಿದುಹೋಯಿತು.

"ಕೊಡಲ್ಲ! ಸತ್ರೂ ಕೊಡಲ್ಲ! ಮೇಷ್ಟ್ರೇ, ಆಳು ಇನ್ನೂ ಬೀದಿ ತುದೀಲೇ ಅವ್ನೆ. ಆ ಎಲೆ ಅಡ್ಕೆ ತನ್ನಿ, ನಾನೇ ಓಡೋಗಿ ಅವನ ಮೋರೆಗೆ ಎಸ್ದು ಬತ್ತೀನಿ!"

ನಂಜಯ್ಯ ಮೇಷ್ಟ್ರು ಜಗಲಿಯ ಅಂಚಿಗೆ ಹೋಗಿ, ಬಗ್ಗಿ, ಚರಂಡಿಗೆ ಕೆಂಪಗೆ ಉಗುಳಿದರು. ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಬಾಯಿ ಒರೆಸಿಕೊಂಡರು.

"ಇದೂ ಚಿಗುರೆಲೇನೇ ಕಣಯ್ಯ," ಎಂದರು.