ಎರಡೆಕರೆ ಉದ್ದದ ತೋಪು

ಆನೇಕಲ್ ತಾಲ್ಲೂಕಿನ ಮಾನ ಕಾಪಾಡುವ ಹೊಣೆಯನ್ನು ಬಸಲಿಂಗ ತನ್ನ ಹೆಗಲಿಗೆ ಹಾಕಿಕೊಂಡದ್ದು ಒಂದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ.

ಅವನೇನೂ ಆ ತಾಲ್ಲೂಕಿನವನಲ್ಲ. ಹುಟ್ಟಿದ್ದು ಕೊಪ್ಪಳದ ಕಡೆಯ ಹಳ್ಳಿಯಲ್ಲಿ. ಅವರ ಮನೆಯಲ್ಲಿ ಡಿಗ್ರಿ ಕಂಡ ಮೊದಲ ಮನುಷ್ಯ. ಎಂಟು ವರ್ಷದಿಂದ ಚಂದಾಪುರದ ಫ್ಲ್ಯಾಟಿನಲ್ಲಿದ್ದುಕೊಂಡು, ಹೆಬ್ಬಗೋಡಿಯ ಕಾರ್ಖಾನೆಯೊಂದರಲ್ಲಿ ವಾಲ್ವುಗಳನ್ನು ಪರೀಕ್ಷಿಸಿ ಪಾಸು ಫೇಲು ಮಾಡುವ ಕೆಲಸ. ಈ ಎಂಟು ವರ್ಷದಲ್ಲಿ ತಾಲ್ಲೂಕಿನ ಬಗ್ಗೆ ಅವನು ಗಳಿಸಿದ ಜ್ಞಾನವೆಂದರೆ ಹೊಸೂರು ರಸ್ತೆಯಲ್ಲಿ ಯಾವ ಸಿಗ್ನಲ್ ಎಷ್ಟು ಸೆಕೆಂಡು ಎಂಬುದು. ಆದರೂ ಮಾವ ಶೇಖರಪ್ಪನವರು ಅಂದು ಆಡಿದ ಮಾತಿಗೆ ಅವನ ರಕ್ತ ಕುದಿಯಿತು.

ಶೇಖರಪ್ಪನವರು ಗದಗಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಒಂದು ತಿಂಗಳು ಇರುತ್ತೇವೆಂದು ಹೆಂಡತಿ ಬಸಮ್ಮನ ಜೊತೆ ಮಗಳ ಮನೆಗೆ ಬಂದವರು, ನಾಲ್ಕನೇ ದಿನಕ್ಕೆ ಸೋಮವಾರದ ರೈಲಿಗೆ ಟಿಕೆಟ್ ಮಾಡಿಸಿಬಿಟ್ಟಿದ್ದರು.

"ಬ್ಯಾಸರಾಗೈತಿ ಅಳಿಯಂದ್ರ. ಬಾದಾಮಿ ನೋಡಿದಾಂವ ನಾ, ಲಕ್ಕುಂಡಿ ನೋಡಿದಾಂವ. ಇಲ್ಲಿ ಬಾಲ್ಕನ್ಯಾಗ ನಿಂತ್ರ ಏನ್ ಕಾಣತೈತಿ? ಎದುರು ಬಾಲ್ಕನ್ಯಾಗ ಒಣಗಾಕ ಹಾಕಿದ ಚಡ್ಡಿ. ಇದರಾಗ ಇತಿಹಾಸ ಎಲ್ಲಿ ಹುಡುಕೂದು?"

ಅಡುಗೆಮನೆಯಲ್ಲಿ ಶೈಲಜಾ ಗಂಡನ ತೋಳು ಹಿಡಿದು ಜಗ್ಗಿದಳು.

"ಏನರೆ ಮಾಡ್ರಿ. ನೋಡೂವಂಥಾದ್ದು ಒಂದ್ ತೋರ್ಸ್ರಿ ಅಪ್ಪಗ. ಇಲ್ಲಾಂದ್ರ ಅವ್ವನ್ನೂ ಎಳ್ಕೊಂಡು ಹೋಗ್ತಾರ. ಮೂರು ವರ್ಷದ ಮ್ಯಾಲೆ ಬಂದಾಳ ನಮ್ಮವ್ವ."

"ಒಂದ್ಯಾಕ? ಹತ್ತು ತೋರಿಸ್ತೀನಿ. ಈ ತಾಲ್ಲೂಕಿನಾಗ ಎಷ್ಟು ಕೆರಿ ಅದಾವ ಗೊತ್ತೇನು ನಿಮ್ಮಪ್ಪಗ?"

"ನಿಮಗ ಗೊತ್ತೇನು?"

ಈ ಪ್ರಶ್ನೆಗೆ ಉತ್ತರ ಕೊಡಲಾಗದ ಗಂಡಸು ಮಾಡುವ ಕೆಲಸವನ್ನೇ ಬಸಲಿಂಗ ಮಾಡಿದ. ಬೈಕ್ ಹತ್ತಿ ಹೊರಟ. ಮಧ್ಯಾಹ್ನದ ಶಿಫ್ಟಿಗೆ ಮುಂಚೆ ಹಳ್ಳಿಗಳ ಕಡೆ ಒಂದು ಸುತ್ತು ಹಾಕಿದ. ಆರು ಕಿಲೋಮೀಟರ್ ಒಳಗಿನ ಒಂದು ಊರಿನಲ್ಲಿ, ಕೆರೆ ಏರಿಯ ಪಕ್ಕ, ಯಾರದೋ ಹುಟ್ಟುಹಬ್ಬದ ಬ್ಯಾನರಿನ ಹಿಂದಿನಿಂದ ಇಣುಕುತ್ತಿದ್ದ ತುಕ್ಕು ಹಿಡಿದ ಫಲಕವೊಂದು ಅವನ ಕಣ್ಣಿಗೆ ಬಿತ್ತು: "ಗುಂಡುತೋಪು. ಸರ್ಕಾರಿ ಸ್ವತ್ತು. ಅತಿಕ್ರಮಿಸಿದವರು ಶಿಕ್ಷೆಗೆ ಗುರಿಯಾಗುತ್ತಾರೆ."

ಬಸಲಿಂಗನ ಎದೆ ಹಿಗ್ಗಿತು. ಅವನ ಊರಿನ ಕಡೆ ಯಾವ ಮಗುವನ್ನು ಕೇಳಿದರೂ ತೋಪು ಅಂದರೆ ಒಂದೇ ಅರ್ಥ. ಕೋಟೆಯ ಬುರುಜಿನ ಮೇಲೆ ಬಾಯಿ ತೆರೆದು ಮಲಗಿರುವ, ಕಬ್ಬಿಣದ, ವೈರಿಯ ಗುಂಡಿಗೆ ನಡುಗಿಸುವ ತೋಪು. ಇಲ್ಲಿ ಬರೀ ತೋಪಲ್ಲ, ಗುಂಡೂ ಇದೆ. ಅದಕ್ಕೇ ಸರ್ಕಾರ ಕಾವಲಿಗೆ ಫಲಕ ಹಾಕಿದೆ. ಶಿಫ್ಟಿಗೆ ಹೊತ್ತಾಗಿತ್ತು. ಒಳಗೆ ಹೋಗಿ ನೋಡಲಿಲ್ಲ. ಓದಲು ಬರುವವನಿಗೆ ನೋಡುವ ಅಗತ್ಯವೇನು?

ಊಟದ ಹೊತ್ತಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಶೇಖರಪ್ಪನವರ ದನಿಯೇ ಬದಲಾಯಿತು.

"ತೋಪು? ಗುಂಡು ಸಮೇತ? ಅಳಿಯಂದ್ರ, ನಾ ಹನ್ನೊಂದು ಊರಿನ ಕೋಟಿ ಹತ್ತಿ ಇಳಿದೇನಿ. ತೋಪು ಇದ್ದಲ್ಲಿ ಗುಂಡು ಇರಂಗಿಲ್ಲ, ಗುಂಡು ಇದ್ದಲ್ಲಿ ತೋಪು ಇರಂಗಿಲ್ಲ. ನೀವು ಹೇಳೂದು ಖರೇ ಇತ್ತಂದ್ರ ಟಿಕೆಟ್ ಕ್ಯಾನ್ಸಲ್."

ಶೈಲಜಾ ಫೋನ್ ಕಸಿದುಕೊಂಡಳು. "ರೀ, ಕಣ್ಣಾರೆ ನೋಡಿ ಬಂದ್ರೋ ಇಲ್ಲೋ?"

"ಬೋರ್ಡ್ ನೋಡೇನಿ. ಸರ್ಕಾರಿ ಬೋರ್ಡು. ಸುಮ್ಮನ ಬರದಿರ್ತಾರೇನು?"

"ಕಡೀಕ ನಮ್ಮ ಪ್ರವಾಸನ ತೋಪಾಗದಿದ್ರ ಸಾಕು," ಎಂದಳು ಶೈಲಜಾ.

ಭಾನುವಾರ ಬುತ್ತಿ ಕಟ್ಟಿಕೊಂಡು ನಾಲ್ವರೂ ಕಾರಿನಲ್ಲಿ ಹೊರಟರು. ತೋಪನ್ನು ಕೊನೆಗೆ ಇಟ್ಟುಕೊಂಡು, ಮೊದಲು ಕೆರೆಗಳ ದರ್ಶನ ಮಾಡಿಸುವುದೆಂದು ಬಸಲಿಂಗ ಯೋಜನೆ ಹಾಕಿದ್ದ. ಮೊದಲ ಕೆರೆಗೆ ಸುತ್ತಲೂ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಂದು ಬೀಗ, ಬೀಗಕ್ಕೊಬ್ಬ ಕಾವಲುಗಾರ.

"ಟೈಮ್ ಆಗೋಯ್ತು ಸಾರ್. ಬೆಳಿಗ್ಗೆ ಆರರಿಂದ ಒಂಬತ್ತು, ಸಾಯಂಕಾಲ ನಾಲ್ಕರಿಂದ ಆರು."

"ಕೆರೆಗೂ ಟೈಮಾ?" ಬಸಲಿಂಗನ ದನಿ ಏರಿತು.

"ಹೌದು ಸಾರ್."

"ಒಂಬತ್ತರಿಂದ ನಾಲ್ಕರವರೆಗೆ ಕೆರೆ ಏನ್ ಮಾಡುತ್ತೆ?"

"ನಂಗೊತ್ತಿಲ್ಲ ಸಾರ್. ನಾನು ಈ ಕಡೆ ಮುಖ ಮಾಡ್ಕೊಂಡ್ ಕೂತಿರ್ತೀನಿ."

ಎರಡನೆಯ ಕೆರೆ ಮೊಬೈಲಿನ ನಕ್ಷೆಯಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಹೋಗಿ ನೋಡಿದರೆ ಸಿಮೆಂಟಿನ ದೊಡ್ಡ ಕಮಾನು, ಅದರ ಮೇಲೆ "ಲೇಕ್ ವ್ಯೂ ಲೇಔಟ್", ಅದರಾಚೆ ಸಾಲು ಸಾಲು ಮನೆಗಳು.

"ಲೇಕು ಎಲ್ಲೈತವ್ವ?" ಬಸಮ್ಮ ಕೇಳಿದರು.

"ಕಾಲು ಕೆಳಗ ಐತಿ ಬಿಡವ್ವ. ಅದರ ಮ್ಯಾಲೇ ನಿಂತೇವಿ," ಎಂದಳು ಶೈಲಜಾ.

ಶೇಖರಪ್ಪನವರು ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: "ಕೆರೆಗಳು ಎರಡು. ಒಂದು ಬಂದ್, ಒಂದು ನಾಪತ್ತೆ." ಬಸಲಿಂಗನಿಗೆ ಮೈ ಉರಿಯಿತು. ಕಾವಲುಗಾರನ ಮೇಲೆ, ಲೇಔಟಿನವರ ಮೇಲೆ, ನಕ್ಷೆಯ ಮೇಲೆ, ತನ್ನ ಮಾವ ಅಷ್ಟು ಮುದ್ದಾದ ಅಕ್ಷರದಲ್ಲಿ ಬರೆಯುವುದರ ಮೇಲೆ. ಇನ್ನು ಉಳಿದಿದ್ದು ತೋಪೊಂದೇ.

ದಾರಿಯಲ್ಲಿ ಬುತ್ತಿ ಉಂಡು, ಸಣ್ಣ ನಿದ್ದೆ ತೆಗೆದು, ಆ ಹಳ್ಳಿ ತಲುಪಿದಾಗ ಐದೂವರೆ. ದೊಡ್ಡ ದೊಡ್ಡ ಹುಣಸೆ ಮರಗಳು, ಹೊಂಗೆ ಮರಗಳು. ಒಂದು ಮರದ ಬುಡದ ಕಟ್ಟೆಯ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಊರಿನ ಹಿರಿಯರೊಬ್ಬರು ಕೂತಿದ್ದರು. ಹೆಸರು ಚಿಕ್ಕಬೈರಪ್ಪ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆದಿದ್ದವರು.

"ಯಜಮಾನ್ರೆ, ಗುಂಡುತೋಪು ಎಲ್ಲಿದೆ?"

"ಇದೇಯ. ತೋಪಲ್ಲೇ ನಿಂತಿದ್ದೀರಲ್ಲ ನೀವು."

ಬಸಲಿಂಗ ಸುತ್ತ ನೋಡಿದ. ಕಬ್ಬಿಣ ಕಾಣಲಿಲ್ಲ. ಒಳಗೆಲ್ಲೋ ಇರಬೇಕು. ಅಷ್ಟರಲ್ಲಿ ಶೇಖರಪ್ಪನವರು ನೋಟ್‌ಬುಕ್ ತೆರೆದು ಮುಂದೆ ಬಂದಿದ್ದರು.

"ಎಷ್ಟು ವರ್ಷದ್ದಿರಬಹುದ್ರಿ ತೋಪು?"

"ನಮ್ ತಾತನ ತಾತನ ಕಾಲದ್ದು."

"ಉದ್ದ ಎಷ್ಟೈತ್ರಿ?"

"ಎಲ್ಡೆಕ್ರೆ ಅನ್ನೆಲ್ಡು ಗುಂಟೆ."

ಶೇಖರಪ್ಪನವರ ಪೆನ್ನು ನಿಂತಿತು. "ತೋಪು? ಎರಡೆಕರೆ ಉದ್ದ?"

ಬಸಲಿಂಗ ಮಾವನ ಕಿವಿಯಲ್ಲಿ ಹೇಳಿದ: "ಗುಂಡು ಹೋಗಿ ಬೀಳೂ ದೂರ ಇರಬೇಕು ಮಾವಾರ. ಹಳ್ಳಿ ಮಂದಿ ಹಂಗ ಲೆಕ್ಕ ಹೇಳ್ತಾರ."

"ಅದು ಕಾಗ್ದದಲ್ಲಿ ಸ್ವಾಮಿ," ಚಿಕ್ಕಬೈರಪ್ಪ ನಿಟ್ಟುಸಿರು ಬಿಟ್ಟರು. "ಈಗೆಲ್ಲಿ ಬರ್ತದೆ? ಅಬ್ಬಬ್ಬಾ ಅಂದ್ರೆ ಮುಕ್ಕಾಲೆಕ್ರೆ."

"ವಯಸ್ಸಾತಲ್ರಿ, ಶಕ್ತಿ ಕುಂದಿರತೈತಿ," ಎಂದು ಶೇಖರಪ್ಪನವರು ಮರುಗಿದರು. "ಗುಂಡು ಅದಾವೇನ್ರಿ ಇನ್ನೂ?"

ಚಿಕ್ಕಬೈರಪ್ಪ ಶೇಖರಪ್ಪನವರ ಹಣೆಯ ವಿಭೂತಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

"ಗುಂಡಾ? ಆರು ಗಂಟೆಗೆ ಸುರುವಾಯ್ತದೆ. ದಿನಾ ಆಕ್ತಾರೆ. ಬಾನ್ವಾರ ಒಸಿ ಜಾಸ್ತೀನೆ."

ಬಸಲಿಂಗ ಗೆದ್ದ ಪೈಲ್ವಾನನಂತೆ ಹೆಂಡತಿಯ ಕಡೆ ತಿರುಗಿದ. "ಕೇಳಿದೇನು? ದಿನಾಲೂ ಹಾರಿಸ್ತಾರಂತ. ಮೈಸೂರು ದಸರಾದಾಗೂ ವರ್ಷಕ್ಕೊಮ್ಮೆ ಅಷ್ಟ." ಶೇಖರಪ್ಪನವರು ಬರೆದುಕೊಂಡರು: "ನಿತ್ಯ ಸಂಜೆ ಆರಕ್ಕೆ ಗುಂಡು ಹಾಕುವ ಸಂಪ್ರದಾಯ ಇಂದಿಗೂ ಜೀವಂತ." ಬಸಮ್ಮ ಕಟ್ಟೆಯ ಮೇಲೆ ಕೂತು, ಸೆರಗಿನ ಚುಂಗನ್ನು ಎರಡೂ ಕಿವಿಗೆ ಒತ್ತಿಕೊಂಡು ಕಾದರು.

ಆರು ಗಂಟೆಗೆ ಸರಿಯಾಗಿ ಮೂರು ಬೈಕುಗಳು ಬಂದವು. ಇಳಿದವರ ಕೈಯಲ್ಲಿ ಕಪ್ಪು ಕವರುಗಳು. ಮದ್ದು ತಂದಿರಬೇಕೆಂದು ಶೇಖರಪ್ಪನವರು ಗೌರವದಿಂದ ಎರಡು ಹೆಜ್ಜೆ ಸರಿದು ನಿಂತರು. ಆಮೇಲೆ ಕುತೂಹಲ ತಡೆಯಲಾರದೆ ಹತ್ತಿರ ಹೋದರು.

"ಎಷ್ಟು ರೌಂಡ್ ಹಾಕ್ತೀರಪ್ಪಾ?"

"ಮೂರು ಮಾಮೂಲಿ ಯಜಮಾನ್ರೆ. ಖುಷಿ ಆದ್ರೆ ಐದು."

"ಸದ್ದು ಜೋರ ಬರತೈತೇನು?"

"ಮೂರಾದ್ಮೇಲೆ ಬರುತ್ತೆ."

"ನಾವು ಗದಗಿನಿಂದ ಬಂದೇವಿ. ಒಮ್ಮೆ ನೋಡೂಣು ಅಂತ."

ಆ ಮನುಷ್ಯನ ಮನಸ್ಸು ಕರಗಿತು. "ಅಷ್ಟು ದೂರದಿಂದ ಬಂದು ಸುಮ್ನೆ ನೋಡೋದೇನು? ನಿಮ್ದೂ ಒಂದ್ ರೌಂಡ್ ಆಗ್ಲಿ," ಎಂದವನೇ ಪ್ಲಾಸ್ಟಿಕ್ ಲೋಟವೊಂದನ್ನು ಅರ್ಧ ತುಂಬಿಸಿ, ಎರಡೂ ಕೈಯಿಂದ ಭಕ್ತಿಪೂರ್ವಕವಾಗಿ ಶೇಖರಪ್ಪನವರ ಕೈಗಿತ್ತ.

ಶೇಖರಪ್ಪನವರು ಮೂಸಿದರು. ಜೀವಮಾನದಲ್ಲಿ ಕಷಾಯಕ್ಕಿಂತ ಘಾಟಾದದ್ದನ್ನು ಕುಡಿಯದ ಮನುಷ್ಯ ಲೋಟವನ್ನು ಮುಖದಿಂದ ಒಂದು ಗೇಣು ದೂರ ಹಿಡಿದು, ಮೆಲ್ಲಗೆ ಕೇಳಿದರು:

"ಅಳಿಯಂದ್ರ, ಇದೇನು?"

"ಗುಂಡು ಸ್ವಾಮಿ," ಎಂದರು ಚಿಕ್ಕಬೈರಪ್ಪ. "ನೀವೇ ಕೇಳಿದ್ರಲ್ಲ."

"ಹಂಗಾರ ತೋಪು?"

"ಇದೇ ತೋಪು. ಈ ಮರಗೋಳೇ ತೋಪು. ದನ ಕರ ನೆಳ್ಳಲ್ಲಿ ನಿಂತ್ಕಳ್ಳಿ ಅಂತ ಇಂದ್ಲೋರು ಊರಿಗೆ ಬಿಟ್ಟಿದ್ದ ಜಾಗ. ಇದಕ್ಕೇ ಗುಂಡುತೋಪು ಅನ್ನೋದು."

ಮೊದಲು ನಕ್ಕವಳು ಶೈಲಜಾ. ಬಸಮ್ಮನಿಗೆ ಏನೂ ಕೇಳಿಸಿರಲಿಲ್ಲ. "ಹಾರಿತೇನವ್ವ?" ಎಂದು ಕಿವಿ ಬಿಡದೆಯೇ ಮಗಳನ್ನು ಕೇಳಿದರು. ಬಸಲಿಂಗನಿಗೆ ಸಿಟ್ಟು ನೆತ್ತಿಗೇರಿತು.

"ಮರಗಳಿಗೆ ತೋಪು ಅಂತ ಹೆಸರಿಟ್ಟೋರು ಯಾರ್ರೀ? ಓದಿದೋರು ಏನಂತ ತಿಳ್ಕೋಬೇಕು?"

"ಇನ್ನೇನನ್ಬೇಕಿತ್ತು? ನಿಮ್ ಕಡೆ ಇವನ್ನ ಏನಂತೀರಾ?"

"ಗಿಡ ಅಂತೀವಿ."

ಚಿಕ್ಕಬೈರಪ್ಪ ತಲೆ ಹಿಂದಕ್ಕೆ ಬಾಗಿಸಿ, ಆಕಾಶ ಮುಟ್ಟಿದ್ದ ಹುಣಸೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. "ಇದನ್ನ?" ಎಂದರು.

ಶೇಖರಪ್ಪನವರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಲೋಟವನ್ನು ಕೊಟ್ಟವನಿಗೇ ಮರಳಿಸಿ, ಮರಗಳ ಮಧ್ಯೆ ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸುತ್ತಾ ನಡೆದರು. ತೋಪಿನ ಅಂಚಿನಲ್ಲಿ ಎದ್ದಿದ್ದ ಹೊಸ ಕಾಂಪೌಂಡ್ ಗೋಡೆಗಳ ಮುಂದೆ ಸುಮಾರು ಹೊತ್ತು ನಿಂತರು. ಕಾರಿನಲ್ಲಿ ಮನೆಯವರೆಗೆ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಶೈಲಜಾಳ ನಗುವೂ ಅರ್ಧ ದಾರಿಯಲ್ಲಿ ಆರಿತು. ಇನ್ನು ಸೋಮವಾರದ ರೈಲು ಖಾತ್ರಿ ಎಂದು ಬಸಲಿಂಗ ಸ್ಟೇರಿಂಗ್ ಹಿಡಿದೇ ಕುಗ್ಗಿಹೋದ.

ಸೋಮವಾರ ಬೆಳಿಗ್ಗೆ ಎದ್ದು ಬಂದಾಗ ಮಾವ ಸ್ನಾನ, ಪೂಜೆ ಮುಗಿಸಿ, ಊಟದ ಮೇಜಿನ ಮೇಲೆ ಫುಲ್‌ಸ್ಕೇಪ್ ಹಾಳೆಗಳನ್ನು ಹರವಿಕೊಂಡು ಬರೆಯುತ್ತಿದ್ದರು.

"ಟಿಕೆಟ್ ಕ್ಯಾನ್ಸಲ್ ಮಾಡ್ರಿ ಅಳಿಯಂದ್ರ."

ಬಸಲಿಂಗ ನಂಬಲಾರದೆ ನಿಂತ. "ತೋಪು ಇರಲಿಲ್ಲಲ್ಲ ಮಾವಾರ?"

"ಕಾಗದದಾಗ ಎರಡೆಕರೆ ಹನ್ನೆರಡು ಗುಂಟೆ. ನಾ ಅಳದದ್ದು ಮುಕ್ಕಾಲೆಕರೆ. ಉಳಿದದ್ದು ಯಾರ ಹೊಟ್ಟ್ಯಾಗೈತಿ ಅಂತ ನೋಡಬೇಕಲ್ಲ? ಉಳಿದಷ್ಟರಾಗ ಕುಡುಕರ ಸಂತಿ ಬ್ಯಾರೆ. ಸತ್ತ ರಾಜರದು ಮೂವತ್ತನಾಕು ವರ್ಷ ಹೇಳೇನಿ, ಬದುಕಿದ್ದವ್ರದು ಒಮ್ಮೆ ಹೇಳತೇನಿ."

"ಹಂಗಾರ ಎಷ್ಟು ದಿನ ಇರ್ತೀರಿ?"

"ಅದು ತಹಶೀಲ್ದಾರರ ಕೈಯಾಗೈತಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಜಾಳ ಮುಖ ಅರಳಿತು. ಬಸಲಿಂಗನ ಎದೆಯೂ ಮತ್ತೆ ಹಿಗ್ಗತೊಡಗಿತು. ಏನಾದರಾಗಲಿ, ಕರೆದುಕೊಂಡು ಹೋದವನು ತಾನೇ ಅಲ್ಲವೇ?

"ನಿಮ್ಮ ಹೆಸರೂ ಹಾಕೇನಿ," ಎಂದು ಶೇಖರಪ್ಪನವರು ಅರ್ಜಿಯನ್ನು ಅವನತ್ತ ಸರಿಸಿದರು. ಬಸಲಿಂಗ ಅಭಿಮಾನದಿಂದ ಎತ್ತಿಕೊಂಡು, ಕೊನೆಯ ಪ್ಯಾರಾ ಓದಿದ:

"ಸದರಿ ಗುಂಡುತೋಪಿನಲ್ಲಿ ನಿತ್ಯವೂ ಸಂಜೆ ಆರರಿಂದ ಗುಂಡು ಹಾಕುವುದು ನಡೆಯುತ್ತಿದ್ದು, ಇದಕ್ಕೆ ಸಾಕ್ಷಿಯಾಗಿ, ಆ ದೃಶ್ಯವನ್ನು ತೋರಿಸುವ ಸಲುವಾಗಿಯೇ ತನ್ನ ಹೆಂಡತಿ ಹಾಗೂ ವೃದ್ಧ ಅತ್ತೆ ಮಾವಂದಿರನ್ನು ಕಾರಿನಲ್ಲಿ ಸ್ಥಳಕ್ಕೆ ಕರೆತಂದ ಶ್ರೀ ಬಸಲಿಂಗ, ಬಿ.ಎಸ್‌ಸಿ., ಇವರನ್ನು ವಿಚಾರಿಸಬಹುದಾಗಿದೆ."

ಶೈಲಜಾ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು.

"ಸೈ ಮಾಡ್ರಿ," ಎಂದಳು. "ಅವ್ವ ಇರ್ತಾಳ."

ಬಸಲಿಂಗ ಸೈ ಮಾಡಿದ.