ಸಹಜವಾಗಿರಿ, ಕ್ಯಾಮೆರಾ ಬರುತ್ತಿದೆ

ನಲವತ್ತು ದಾಟಿದ ಮೇಲೆ ಗಂಡಸರಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಭಕ್ತಿ, ನಮ್ಮ ಹೊಸಪೇಟೆಯಲ್ಲಿ ಬಹಳ ಜನಕ್ಕೆ ಗಣಿಯ ಹುಚ್ಚು. ನನಗೆ ಅಂಟಿಕೊಂಡದ್ದು ಸಾಕ್ಷ್ಯಚಿತ್ರ. ಕೇಬಲ್ಲಿನವನು ಯಾವ ಪುಣ್ಯಕ್ಕೋ ಉಳಿಸಿದ್ದ ಒಂದು ಇಂಗ್ಲಿಷ್ ಚಾನೆಲ್ಲಿನಲ್ಲಿ ದಿನಾ ಸಂಜೆ ಮನುಷ್ಯನ ಮನಸ್ಸಿನ ಬಗ್ಗೆ, ಟೀವಿ ಮತ್ತು ಪತ್ರಿಕೆಗಳು ನಮ್ಮನ್ನು ಹೇಗೆ ಕುಣಿಸುತ್ತವೆ ಎಂಬುದರ ಬಗ್ಗೆ ಚಿತ್ರಗಳು ಬರುತ್ತಿದ್ದವು. ಕಾಲುವೆ ಕಚೇರಿಯ ಗುಮಾಸ್ತಿಕೆ ಮುಗಿಸಿ ಬಂದವನು ಚಹಾ ಲೋಟ ಹಿಡಿದು ಅದರ ಮುಂದೆ ಕೂತುಬಿಡುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ, ನಿಜ. ಆದರೆ ಮನೆಮಂದಿಯ ಮೇಲೆ ಪ್ರಯೋಗ ಮಾಡುವುದಕ್ಕೆ ಉಳಿದರ್ಧವೇ ಸಾಕಾಗಿತ್ತು.

ನನ್ನ ಹೆಂಡತಿ ಸುಮಿತ್ರ ಹೊಸ ಟೂತ್‌ಪೇಸ್ಟ್ ತಂದ ದಿನ, "ಇದನ್ನ ತಂದಾಕಿ ನೀ ಅಲ್ಲ, ನಿನ್ನ ತಲೆಯೊಳಗ ಕುಂತ ಜಾಹೀರಾತು" ಎಂದೆ. ಮರುದಿನ ಬಚ್ಚಲಲ್ಲಿ ಪೇಸ್ಟ್ ಇರಲಿಲ್ಲ, ಒಂದು ಬೇವಿನಕಡ್ಡಿ ಇತ್ತು. "ಇದಕ್ಕ ಇನ್ನಾ ಯಾರೂ ಜಾಹೀರಾತು ಮಾಡಿಲ್ರಿ, ಧೈರ್ಯವಾಗಿ ತಿಕ್ಕೊಳ್ರಿ" ಎಂದಳು. ಧಾರಾವಾಹಿ ನೋಡಿ ಅವಳು ಕಣ್ಣೊರೆಸಿಕೊಂಡರೆ, ನಿನ್ನನ್ನು ಅಳಿಸುವುದು ಕಥೆಯಲ್ಲ, ಹಿಂದಿನ ಸಂಗೀತ ಎಂದು ತಿಳಿಸಿ ಹೇಳಿದೆ. ಅವಳು ರಿಮೋಟ್ ಒತ್ತಿ ಸದ್ದನ್ನೇ ನಿಲ್ಲಿಸಿ, ನನ್ನ ಮುಖ ನೋಡುತ್ತಲೇ ಇನ್ನಷ್ಟು ಅತ್ತಳು. ಈ ವಿಷಯ ಆ ಚಾನೆಲ್ಲಿನವರಿಗೂ ತಿಳಿದಿರಲಾರದು.

ಮನೆಯೊಳಗೆ ಹೀಗೆ ಮನಶ್ಶಾಸ್ತ್ರ ನಡೆದಿದ್ದರೆ ಹೊರಗೆ ಲಾರಿ ನಡೆದಿದ್ದವು. ಸಂಡೂರಿನ ಗುಡ್ಡದಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ದೊಡ್ಡ ರಸ್ತೆಯ ಸಾಲು ತಪ್ಪಿಸಲು ನಮ್ಮ ಬೀದಿಯೊಳಗೆ ನುಗ್ಗುತ್ತಿದ್ದವು. ಬೆಳಿಗ್ಗೆ ಒಗೆದು ಹರವಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕಾವಿಯಾಗುತ್ತಿತ್ತು. ಎದುರು ಮನೆಯ ಬಿಳಿ ಆಕಳ ಕರು ಎಂಥ ಬಣ್ಣದ್ದೆಂದು ಮಾಲೀಕನಿಗೇ ಮರೆತಿತ್ತು. ಇದೆಲ್ಲ ನಗೆಯ ಮಾತಾಯಿತು. ನಗೆಯಲ್ಲದ್ದು ನಮ್ಮವ್ವನ ಕೆಮ್ಮು. ಒಮ್ಮೆ ಶುರುವಾದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅದು ಕೇಳಿದಾಗ ನಾನು ಶಾಸ್ತ್ರ ಬಿಟ್ಟು ನೀರು ತರಲು ಓಡುತ್ತಿದ್ದೆ. ಅವಳ ದುಃಖ ಮಾತ್ರ ಬೇರೆ. ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುವುದು ಅವಳ ವರ್ಷದ ಹಬ್ಬ. ಹೋದ ವರ್ಷ ಇಟ್ಟ ಸಂಡಿಗೆ ಒಣಗುವಷ್ಟರಲ್ಲಿ ಕೆಂಪಗಾದವು. "ಇನ್ನ ಇಡಂಗಿಲ್ಲ ಬಿಡು" ಎಂದು ಸಂಡಿಗೆ ಒರಳನ್ನು ಅಟ್ಟಕ್ಕೆ ಏರಿಸಿದ್ದಳು.

ಇಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ನಂದಿನಿ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಅದಿರಿನ ಧೂಳಿನಲ್ಲಿ ಬದುಕುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳಂತೆ. ನಮ್ಮ ಬೀದಿ ಅವಳಿಗೆ ಹಿಡಿಸಿತು. ಟೀವಿಯಲ್ಲಿ ಬಂದರೆ ಮೇಲಿನವರು ಕಣ್ಣು ಬಿಟ್ಟಾರು, ಲಾರಿಗಳನ್ನು ಊರಾಚೆಯ ದಾರಿಗೆ ತಿರುಗಿಸಿಯಾರು ಎಂದು ನಮಗೆಲ್ಲ ಆಸೆ ಹುಟ್ಟಿತು. "ಭಾನುವಾರ ಬರ್ತೀನಿ ಸರ್. ಎಲ್ಲ ಹೇಗಿದೆಯೋ ಹಾಗೇ ಇರಲಿ" ಎಂದು ಹೇಳಿ ಹೋದಳು.

ನನಗಿಂತ ಯೋಗ್ಯನಾದವನ ಕಿವಿಗೆ ಆ ಮಾತು ಬೀಳುವಂತಿರಲಿಲ್ಲ. ಕ್ಯಾಮೆರಾ ಕಂಡ ಮನುಷ್ಯ ಹೇಗೆ ಬೇರೆಯವನಾಗಿಬಿಡುತ್ತಾನೆ ಎಂಬ ಚಿತ್ರವನ್ನು ಹಿಂದಿನ ವಾರವಷ್ಟೇ ನೋಡಿದ್ದೆ. ಬೀದಿಯವರನ್ನೆಲ್ಲ ಬೇವಿನಕಟ್ಟೆಗೆ ಕರೆದು ಭಾಷಣ ಶುರುಮಾಡಿದೆ. ಕಂಪ್ಲಿಯಲ್ಲಿ ನನ್ನ ಭಾಮೈದನ ಮದುವೆಯಾದಾಗ, ಬೆಳಕು ಸಾಲಲಿಲ್ಲ ಎಂದು ವಿಡಿಯೋದವನು ಮತ್ತೊಮ್ಮೆ ತಾಳಿ ಕಟ್ಟಿಸಿದ್ದನ್ನು ನೆನಪಿಸಿದೆ. ಪುರೋಹಿತರು ಮಂತ್ರವನ್ನೂ ಮತ್ತೊಮ್ಮೆ ಹೇಳಿದ್ದರು, ಈ ಸಲ ಕ್ಯಾಮೆರಾದ ಕಡೆ ಮುಖ ಮಾಡಿ. "ಹಂಗಾಗಬಾರದು. ಕಸ ಇದ್ದಲ್ಲೇ ಇರಲಿ, ಧೂಳು ಬಿದ್ದಲ್ಲೇ ಬಿದ್ದಿರಲಿ. ಸಹಜವಾಗಿರ್ರಿ!" ಎಂದೆ. ಎಲ್ಲರೂ ಭಾಳ ಸಹಜವಾಗಿ ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿ ನಮ್ಮದೇ ಹೌದೋ ಅಲ್ಲವೋ ಎಂದು ಅನುಮಾನ ಬಂತು. ಯಾರೋ ಟ್ಯಾಂಕರ್ ತರಿಸಿ ಉದ್ದಕ್ಕೂ ನೀರು ಹೊಡೆಸಿದ್ದರು. ಮನೆಮನೆಯ ಮುಂದೆ ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಎದುರು ಮನೆಯ ಆಕಳ ಕರು ಮೈತೊಳೆಸಿಕೊಂಡು ನಿಜವಾಗಿ ಬೆಳ್ಳಗೆ ನಿಂತಿತ್ತು. "ಏನಿದು?" ಎಂದು ಕೇಳಿದರೆ ಆ ಮನೆಯಾಕೆ, "ಹೊರಗಿನ ಹೆಣಮಗಳು ಬರ್ತಾಳ, ಹೊಲಸು ತೋರಿಸಿ ಕಳಸಾಕ ಆಗ್ತೈತೇನ್ರಿ?" ಎಂದಳು. ಲಾರಿ ಬರಲಿ, ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಲಾರಿಯೂ ಬಂತು. ಬಂಡ್ರಿ ಊರಿನ ಡ್ರೈವರ್ ಹುಲಗಪ್ಪನದು. ದಿನಾ ಬಾಣದಂತೆ ಹೋಗುವವನು ಅಂದು ಲಾರಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಅದಿರಿನ ಮೇಲೆ ತಾಡಪಾಲು ಬಿಗಿದು ಮೆರವಣಿಗೆಯಂತೆ ಮೆಲ್ಲಗೆ ಬಂದ. "ನೀವಾ ಅಂದ್ರಲ್ರಿ ಸಾಹೇಬ್ರ, ಚಾದಂಗಡ್ಯಾಗ, ಟೀವಿನ್ಯಾರು ಬರ್ತಾರಂತ. ಹೆಂಗೈತ್ರಿ, ಮಸ್ತ್ ಐತಲ್ಲ?" ಎಂದು ಕಿಟಕಿಯಿಂದ ಹಲ್ಲು ಬಿಟ್ಟ.

ಅವನನ್ನು ಬಯ್ಯುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ಅಂದು ಬೆಳಿಗ್ಗೆ ನಾನೂ ತಲೆಗೆ ಬಣ್ಣ ಹಚ್ಚಿಕೊಂಡಿದ್ದೆ. ಅದರ ಒಂದು ಪಾಲು ಎಡಗಿವಿಗೂ ಹತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ನಂದಿನಿ ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಮೊದಲು ನನ್ನನ್ನು ಮಾತಾಡಿಸಿದಳು. ಮಾಧ್ಯಮ, ಸಮಾಜ, ಮನಸ್ಸು ಎಂದು ನಾನು ತಡೆಯಿಲ್ಲದೆ ಹರಿದೆ. ಧೂಳಿನ ಹತ್ತಿರ ಬರುವಷ್ಟರಲ್ಲಿ ಅವಳು ಅವ್ವನ ಕಡೆ ತಿರುಗಿದ್ದಳು. "ಹೇಗಿದ್ದೀರಿ ಅಜ್ಜಿ? ಧೂಳಿನಿಂದ ತ್ರಾಸ ಆಗ್ತಿದೆಯಾ?" ಅವ್ವ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, "ಆರಾಮ್ ಅದೀನವ್ವ. ದೇವರು ಚಲೋ ಇಟ್ಟಾನ" ಎಂದಳು. ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ಕೆಮ್ಮಲೇ ಇಲ್ಲ. ಬಾಯಿಯ ಒಂದು ಕಡೆ ಕಲ್ಲುಸಕ್ಕರೆ ಒತ್ತಿಕೊಂಡಿದ್ದಳು. ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಆರಾಮ್ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಪ್ರಾಣ ಹೋಗುತ್ತಿದ್ದರೂ ಅದನ್ನು ಬಂದವರಿಗೆ ಹೇಳುವ ರೂಢಿಯಿಲ್ಲ. ನಮ್ಮ ಬೀದಿಯ ಆಸೆ ಅಲ್ಲಿಗೆ ಮುಗಿಯಿತು ಎನಿಸಿತು.

"ಸಾಕು ಬಿಡ್ರಿ, ಚಾ ಕುಡೀರಿ" ಎಂದು ಸುಮಿತ್ರ ಪಡಸಾಲೆಗೇ ಚಹಾ ತಂದಳು. ಒಗ್ಗರಣೆ ಮಂಡಕ್ಕಿಯ ಜೊತೆ ಅವ್ವನ ಹಟಕ್ಕೆ ಹೋದ ವರ್ಷದ ಸಂಡಿಗೆಯೂ ಕರಿದು ಬಂತು. "ಟೊಮೆಟೊ ಹಾಕಿದ್ದೀರಾ ಅಜ್ಜಿ?" ಎಂದಳು ನಂದಿನಿ. "ಇಲ್ಲವ್ವ, ಅದು ರೋಡಿನ ಬಣ್ಣ" ಎಂದು ಅವ್ವ ನಗಲು ಹೋದಳು, ಕಲ್ಲುಸಕ್ಕರೆ ಕರಗಿತ್ತು, ಹಿಡಿದಿಟ್ಟಿದ್ದ ಕೆಮ್ಮೆಲ್ಲ ಒಟ್ಟಿಗೆ ಬಂತು. ಸುಮಿತ್ರ ಅವಳ ಬೆನ್ನು ಸವರಿದಳು. ನಂದಿನಿ ತಟ್ಟೆ ಕೆಳಗಿಟ್ಟು ನೀರಿನ ಲೋಟ ಮುಂದೆ ಚಾಚಿದಳು.

ಕೆಲವು ದಿನದ ಮೇಲೆ ನಂದಿನಿ ಫೋನ್ ಮಾಡಿ, "ಸರ್, ಚಹಾ ಹೊತ್ತಿನಲ್ಲೂ ಕ್ಯಾಮೆರಾ ಓಡ್ತಾ ಇತ್ತು. ನಿಲ್ಲಿಸೋದು ಮರೆತಿದ್ದೆ. ಅದನ್ನ ಬಳಸಲಾ? ಅಜ್ಜಿ ಒಪ್ಪಿದ್ದಾರೆ. ಅದರಲ್ಲಿ ನೀವು ತುಂಬಾ ಚೆನ್ನಾಗಿ ಬಂದಿದ್ದೀರಿ" ಎಂದಳು. ಚಹಾ ಹೊತ್ತಿನಲ್ಲೂ ನಾನು ಒಂದೆರಡು ಒಳ್ಳೆಯ ಮಾತು ಆಡಿದ್ದೆನಲ್ಲ. ಧಾರಾಳವಾಗಿ ಬಳಸಮ್ಮ ಎಂದೆ.

ಚಿತ್ರ ಬಂದ ಸಂಜೆ ಬೀದಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನನ್ನ ಸಂದರ್ಶನದ ಒಂದು ಅಕ್ಷರವೂ ಇರಲಿಲ್ಲ. ಅವ್ವ ಕೆಮ್ಮುವುದಿತ್ತು, ಕೆಂಪು ಸಂಡಿಗೆಯ ತಟ್ಟೆಯಿತ್ತು. ಅವಳ ಹಿಂದೆ ನಾನಿದ್ದೆ. ಕೂರುವ ಮುಂಚೆ ಕುರ್ಚಿ ಒರೆಸುತ್ತಿದ್ದೆ. ಲೋಟದ ಅಂಚು ಒರೆಸಿದೆ. ಕಿಟಕಿಯ ಕಟ್ಟೆ ಒರೆಸಿದೆ. ತಟ್ಟೆಯಿಂದ ಒಂದು ಸಂಡಿಗೆ ಎತ್ತಿ ಹೆಗಲ ಟವೆಲಿನ ತುದಿಯಿಂದ ಎರಡೂ ಕಡೆ ಒರೆಸಿ ಬಾಯಿಗಿಟ್ಟೆ. ಹೀಗೆಲ್ಲ ಮಾಡುತ್ತೇನೆಂದು, ನನ್ನಾಣೆ, ನನಗೆ ಗೊತ್ತೇ ಇರಲಿಲ್ಲ. ಬೀದಿಯವರು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಂತಮ್ಮ ಕೈ ನೋಡಿಕೊಂಡರು. "ಇಡೀ ಪಿಚ್ಚರಿನ್ಯಾಗ ಸಹಜವಾಗಿದ್ದಾವ್ರು ನೀವೊಬ್ರಾ ನೋಡ್ರಿ" ಎಂದಳು ಸುಮಿತ್ರ.

ಚಿತ್ರ ಯಾರನ್ನು ಮುಟ್ಟಿತೋ ತಿಳಿಯದು. ಲಾರಿಗಳಂತೂ ಊರಾಚೆಯ ದಾರಿ ಹಿಡಿದವು. ಅಟ್ಟದಿಂದ ಒರಳು ಇಳಿಯಿತು. ಈ ಬೇಸಿಗೆಯಲ್ಲಿ ಅವ್ವನ ಸಂಡಿಗೆ ಮಾಳಿಗೆಯ ಮೇಲೆ ಬೆಳ್ಳಗೆ ಒಣಗುತ್ತಿವೆ, ಕಾಗೆ ಕಾಯುವ ಕೆಲಸ ನನ್ನದು. ನಿನ್ನೆ ಅಲ್ಲಿ ಕೂತು ಮನಸ್ಸಿನ ವಿಚಿತ್ರಗಳ ಬಗ್ಗೆ ಏನೋ ಯೋಚಿಸುತ್ತಿದ್ದೆ. ಹಿಂದಿನಿಂದ ಅವ್ವನ ಧ್ವನಿ ಬಂತು.

"ಒರಸಬ್ಯಾಡೋ ಲೇ, ಇನ್ನಾ ಹಸಿ ಅದಾವ, ಮುರೀತಾವ. ಧೂಳು ಹೋತು, ನೀ ಒಬ್ಬಾವ ಉಳದಿ ನೋಡು."

ನೋಡಿಕೊಂಡರೆ ಕೈಯಲ್ಲಿ ಟವೆಲಿತ್ತು.